ಮರಳುವ ದಾರಿ

ಲಾರಿಯ ವಿಷಯವಾಗಿ ರೇಡಿಯೋದಲ್ಲಿ ಮಾತನಾಡಲು ನಿನಗೇನು ಅಧಿಕಾರ ಎಂದು ಯಾರಾದರೂ ಕೇಳಿದರೆ, ಅದು ನ್ಯಾಯವಾದ ಪ್ರಶ್ನೆಯೇ. ನಾನು ಲಾರಿಯನ್ನು ನಡೆಸಿದವನಲ್ಲ. ಹತ್ತಿ ಕುಳಿತದ್ದೂ ಅಪರೂಪ. ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರದ ಪಾಠ ಹೇಳಿ ನಿವೃತ್ತನಾದವನು. ವಿದ್ಯುತ್ತಿನ ಅಧ್ಯಾಯವನ್ನು ವರ್ಷಕ್ಕೊಮ್ಮೆ ತಪ್ಪದೆ ಬೋಧಿಸಿದ್ದೇನೆ. ಆದರೆ ಆ ಅಧ್ಯಾಯದ ಅರ್ಥ ನನಗೆ ನಿಜವಾಗಿ ಆದದ್ದು ಒಂದು ಹಳೆಯ ಲಾರಿಯ ಅಡಿಯಲ್ಲಿ, ಗೋಣಿತಾಟಿನ ಮೇಲೆ ಅಂಗಾತ ಮಲಗಿದ್ದಾಗ. ಅರ್ಥವಾಗುವ ಹೊತ್ತಿಗೆ ಒಬ್ಬ ಬಡವನಿಗೆ ನಮ್ಮಿಂದ ಅನ್ಯಾಯವಾಗಿ ಹೋಗಿತ್ತು. ಆ ಕಥೆಯನ್ನೇ ಈ ದಿನ ಹೇಳಬೇಕೆಂದಿದ್ದೇನೆ.

ನಮ್ಮ ಊರು ತಿಪಟೂರಿನ ಕಡೆಯ ಒಂದು ಹಳ್ಳಿ. 1991ರಲ್ಲಿ ನಮ್ಮ ಅಣ್ಣ ಹದಿನೈದು ವರ್ಷದ ಹಳೆಯ ಲಾರಿಯೊಂದನ್ನು ಕೊಂಡ. ಸುತ್ತಲಿನ ಹಳ್ಳಿಗಳ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಮುಟ್ಟಿಸುವುದು, ಬರುವಾಗ ಸಿಮೆಂಟನ್ನೋ ಗೊಬ್ಬರವನ್ನೋ ಹೇರಿಕೊಂಡು ಬರುವುದು, ಇದು ಅದರ ಕೆಲಸ. ಲಾರಿಯ ಜೊತೆಯಲ್ಲಿಯೇ ಒಬ್ಬ ಡ್ರೈವರನೂ ಬಂದ. ನಲವತ್ತು ದಾಟಿದ ವಯಸ್ಸು, ಮಾತು ಕಡಿಮೆ. ಬೆಳಿಗ್ಗೆ ಎದ್ದು ಲಾರಿಯ ಮೂತಿಯನ್ನು ಒದ್ದೆಬಟ್ಟೆಯಿಂದ ಒರಸಿ, ಒಂದು ಊದಿನಕಡ್ಡಿ ಹಚ್ಚಿದ ಮೇಲೆಯೇ ಕೀಲಿಗೆ ಕೈ ಹಾಕುತ್ತಿದ್ದ.

ಮೊದಲ ಮಳೆಗಾಲದಲ್ಲಿಯೇ ಲಾರಿ ಹಟ ಹಿಡಿಯಲು ತೊಡಗಿತು. ಸೆಲ್ಫ್ ಹೊಡೆದರೆ ಎಂಜಿನ್ನು ಒಂದು ಸಲ ನರಳಿ ಸುಮ್ಮನಾಗುವುದು. ಹೇರಿದ ಲಾರಿಯನ್ನು ಸಮನೆಲದಲ್ಲಿ ತಳ್ಳುವುದು ನಾಲ್ಕಾರು ಜನರಿಂದ ಆಗುವ ಮಾತಲ್ಲ. ಡ್ರೈವರ್ ಒಂದು ಉಪಾಯ ಕಂಡುಕೊಂಡ. ರಾತ್ರಿ ಲಾರಿಯನ್ನು ಮನೆಯ ಮುಂದೆ ನಿಲ್ಲಿಸದೆ ಕೆರೆಯ ಏರಿಯಿಂದ ಇಳಿಯುವ ದಾರಿಯಲ್ಲಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುವುದು; ಬೆಳಿಗ್ಗೆ ಕಲ್ಲು ತೆಗೆದು, ಇಳಿಜಾರಿನಲ್ಲಿ ಉರುಳಿಸಿ, ಗೇರಿಗೆ ಹಾಕಿ ಎಂಜಿನ್ನನ್ನು ಎಬ್ಬಿಸುವುದು. ಅಣ್ಣನಿಗೆ ಇದು ಅವಮಾನವೆನಿಸಿತು. ಬ್ಯಾಟರಿ ಸತ್ತಿದೆಯೆಂದು ತೀರ್ಮಾನಿಸಿ, ಕೊಬ್ಬರಿಯ ದುಡ್ಡು ಬಂದ ವಾರವೇ ಹೊಸ ಬ್ಯಾಟರಿ ಕೊಂಡ. ಎರಡು ವಾರ ಎಲ್ಲವೂ ಚೆನ್ನಾಗಿತ್ತು. ಮೂರನೆಯ ವಾರ ಮತ್ತೆ ಅದೇ ನರಳಿಕೆ, ಮತ್ತೆ ಕೆರೆಯ ಏರಿ.

ಡ್ರೈವರನಿಗೆ ತನ್ನದೇ ಆದ ಒಂದು ದೂರಿತ್ತು. ನಾನು ರಜಕ್ಕೆ ಊರಿಗೆ ಹೋಗಿದ್ದಾಗ, ಕಾಲೇಜಿನಲ್ಲಿ ಕಲಿಸುವವರಿಗೆ ತಿಳಿದೀತು ಎಂಬ ಭರವಸೆಯಿಂದ, ನನ್ನ ಬಳಿಗೇ ಬಂದು ಹೇಳಿದ: “ಮೇಷ್ಟ್ರೇ, ಸೆಲ್ಫ್ ಹೊಡೆದಾಗ ಎಂಜಿನ್ ನಿಲ್ಲಿಸೋ ತಂತಿ ಬಿಸಿ ಆಗುತ್ತೆ. ಕೈ ಇಟ್ಟು ನೋಡಿ, ಸುಡುತ್ತೆ.” ಹಳೆಯ ಡೀಸೆಲ್ ಎಂಜಿನ್ನುಗಳನ್ನು ನಿಲ್ಲಿಸಲು ಡ್ರೈವರನ ಮುಂದೆ ಒಂದು ಗುಂಡಿಯಿರುತ್ತಿತ್ತು, ಅದನ್ನು ಎಳೆದರೆ ಉಕ್ಕಿನ ಕೊಳವೆಯೊಳಗಿನ ತಂತಿ ಡೀಸೆಲನ್ನು ತಡೆಯುತ್ತಿತ್ತು. ಅದಕ್ಕೂ ವಿದ್ಯುತ್ತಿಗೂ ಯಾವ ಸಂಬಂಧವೂ ಇಲ್ಲ. ನಾನು ನಕ್ಕೆ. “ಎಂಜಿನ್ನಿನ ಕಾವು ತಗುಲುತ್ತದಪ್ಪ” ಎಂದೆ. “ಎಂಜಿನ್ ತಣ್ಣಗಿದ್ದಾಗಲೇ ಬಿಸಿ ಆಗೋದು ಸ್ವಾಮಿ” ಎಂದು ಅವನು ಮೆಲ್ಲಗೆ ಹೇಳಿದ. ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಅಷ್ಟರಲ್ಲಿ ಊರಿನಲ್ಲಿ ಯಾರೋ ಒಬ್ಬರು ಅಣ್ಣನ ಕಿವಿಯಲ್ಲಿ ಒಂದು ಮಾತು ಊದಿದರು. ಹೊಸ ಬ್ಯಾಟರಿ ಮೂರು ವಾರಕ್ಕೆ ಕೆಡುವುದುಂಟೆ? ಡ್ರೈವರ್ ಅದನ್ನು ಮಾರಿಕೊಂಡು, ಹಳೆಯದಕ್ಕೆ ಬಣ್ಣ ಬಳಿದು ಇಟ್ಟಿದ್ದಾನೆ. ಅಂಥ ಮೋಸಗಳು ನಡೆಯುವುದುಂಟೆಂದು ಎಲ್ಲರೂ ಬಲ್ಲರು. ಆದ್ದರಿಂದ ಇಲ್ಲಿಯೂ ನಡೆದಿದೆಯೆಂದು ಎಲ್ಲರೂ ನಂಬಿದರು. ಅಣ್ಣ ನನ್ನ ಅಭಿಪ್ರಾಯ ಕೇಳಿದ. ವಿದ್ಯಾವಂತನಾದ ನಾನು “ಇದ್ದರೂ ಇರಬಹುದು” ಎಂದೆ. ಇದ್ದರೂ ಇರಬಹುದು ಎಂಬುದು ಎಷ್ಟು ಸುಲಭವಾದ ಮಾತು! ಆಡಿದವನ ಮೇಲೆ ಯಾವ ಹೊಣೆಯನ್ನೂ ಹೊರಿಸದೆ ಇನ್ನೊಬ್ಬನ ಅನ್ನವನ್ನು ಕಸಿದುಕೊಳ್ಳುತ್ತದೆ. ಮರುದಿನ ಅಣ್ಣ ಲೆಕ್ಕ ತೀರಿಸಿ ಅವನನ್ನು ಕಳಿಸಿಬಿಟ್ಟ. ಅವನು ವಾದಿಸಲಿಲ್ಲ. ಲಾರಿಯೊಳಗಿದ್ದ ತನ್ನ ದೇವರ ಪಟವನ್ನು ಬಿಚ್ಚಿಕೊಂಡು ಹೊರಟುಹೋದ.

ಹೊಸ ಡ್ರೈವರ್ ಬಂದ. ಹತ್ತು ದಿನದಲ್ಲಿ ಅವನೂ ಲಾರಿಯನ್ನು ಕೆರೆಯ ಏರಿಯಲ್ಲಿ ನಿಲ್ಲಿಸಲು ತೊಡಗಿದ.

ಆಗ ಅರಸೀಕೆರೆಯಿಂದ ಒಬ್ಬ ವಯಸ್ಸಾದ ವೈರಿಂಗ್ ಮೇಸ್ತ್ರಿಯನ್ನು ಕರೆಸಿದೆವು. ಅವರು ಓದಿದ್ದು ನಾಲ್ಕನೆಯ ತರಗತಿ. ಸೊಂಟದಲ್ಲಿ ಎರಡು ಸ್ಪ್ಯಾನರು, ಕೈಚೀಲದಲ್ಲಿ ಒಂದು ವೋಲ್ಟ್‌ಮೀಟರು, ಬ್ಯಾಟರಿಯ ಆಮ್ಲವನ್ನು ಅಳೆಯುವ ಒಂದು ಗಾಜಿನ ಕೊಳವೆ. ಬಂದವರೇ ಕೇಳಿದ್ದು ಬ್ಯಾಟರಿಯನ್ನಲ್ಲ, ಬ್ಯಾಟರಿಯ ಬಿಲ್ಲನ್ನು. ಅಣ್ಣ ಪೆಟ್ಟಿಗೆಯಿಂದ ತೆಗೆದುಕೊಟ್ಟ. ಮೇಸ್ತ್ರಿ ಬ್ಯಾಟರಿಯ ಮೇಲಿನ ಧೂಳನ್ನು ಬೆರಳಿನಿಂದ ಒರಸಿ, ಅದರ ಮೇಲೆ ಒತ್ತಿದ್ದ ಸಂಖ್ಯೆಯನ್ನು ಗಟ್ಟಿಯಾಗಿ ಓದಿದರು. ಬಿಲ್ಲಿನಲ್ಲಿದ್ದದ್ದೂ ಅದೇ ಸಂಖ್ಯೆ. “ನಿಮ್ದೇ ಬ್ಯಾಟರಿ” ಎಂದರು. ಅಣ್ಣ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಆ ಬಿಲ್ಲು ಅಷ್ಟು ದಿನವೂ ನಮ್ಮ ಮನೆಯ ಪೆಟ್ಟಿಗೆಯಲ್ಲಿಯೇ ಇತ್ತು.

ಆಮೇಲೆ ಅವರು ಮಾಡಿದ ಒಂದೊಂದು ಪರೀಕ್ಷೆಯೂ ನನಗೆ ಒಂದೊಂದು ಪಾಠವಾಯಿತು. ಗಾಜಿನ ಕೊಳವೆಯಲ್ಲಿ ಬ್ಯಾಟರಿಯ ಆಮ್ಲವನ್ನು ಹೀರಿ ನೋಡಿದರು. ಚಾರ್ಜು ತುಂಬಿದ್ದರೆ ಅದರ ಸಾಂದ್ರತೆ ನೀರಿನ 1.240 ಪಟ್ಟಿನ ಆಸುಪಾಸಿನಲ್ಲಿರಬೇಕು, ನಮ್ಮದು 1.170. ಆರು ಅರೆಗಳಲ್ಲಿಯೂ ಒಂದೇ ಸಮನಾಗಿ ಕಡಿಮೆ. “ಒಂದು ಅರೆ ಮಾತ್ರ ಕಡಿಮೆ ಇದ್ರೆ ಬ್ಯಾಟರಿ ಕೆಟ್ಟಿದೆ ಅನ್ನಬಹುದು. ಎಲ್ಲಾ ಕಡಿಮೆ ಅಂದ್ರೆ, ಇದು ಕಾಯಿಲೆಯಲ್ಲ, ಹಸಿವು” ಎಂದು ಅದನ್ನು ಬಿಚ್ಚಿ, ಒಂದು ರಾತ್ರಿ ಚಾರ್ಜಿಗೆ ಹಾಕಿಸಿದರು.

ಮರುದಿನ ಮಬ್ಬುಗತ್ತಲಿನಲ್ಲಿ ಮುಂದಿನ ದೀಪಗಳನ್ನು ಹೊತ್ತಿಸಿ ಸೆಲ್ಫ್ ಹೊಡೆಯಿರಿ ಎಂದರು. ಎಂಜಿನ್ನು ನರಳಿತು, ಆದರೆ ದೀಪಗಳು ಹೆಚ್ಚು ಮಂಕಾಗಲಿಲ್ಲ. ಮೇಸ್ತ್ರಿ ತಲೆಯಾಡಿಸಿದರು. ಬ್ಯಾಟರಿ ಸೋತಿದ್ದರೆ ದೀಪಗಳೂ ಅದರೊಡನೆ ಸೋಲಬೇಕಾಗಿತ್ತು. ದೀಪಗಳು ಬೆಳಗುತ್ತಲೇ ಇವೆ, ಸೆಲ್ಫ್ ಮಾತ್ರ ಸೋಲುತ್ತಿದೆ. ಹಾಗಾದರೆ ಬ್ಯಾಟರಿಯಲ್ಲಿ ಶಕ್ತಿಯಿದೆ, ಅದು ಸೆಲ್ಫಿಗೆ ಮುಟ್ಟುತ್ತಿಲ್ಲ.

ನಾನು ಸೆಲ್ಫಿಗೆ ಹೋಗುವ ದಪ್ಪ ಕೆಂಪು ತಂತಿಯನ್ನು ತೋರಿಸಿದೆ. ಅವರು ವೋಲ್ಟ್‌ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಧನಧ್ರುವಕ್ಕೂ ಇನ್ನೊಂದನ್ನು ಸೆಲ್ಫಿನ ತುದಿಗೂ ಇಟ್ಟು, ಸೆಲ್ಫ್ ಹೊಡೆಸಿದರು. ಮುಳ್ಳು ಅರ್ಧ ವೋಲ್ಟನ್ನೂ ಮುಟ್ಟಲಿಲ್ಲ. ಆ ದಾರಿಯಲ್ಲಿ ನಷ್ಟವಿಲ್ಲ. ಅನಂತರ ನನ್ನನ್ನು ಕೇಳಿದರು: “ಹೋಗೋ ದಾರಿ ನೋಡಿದ್ರಿ ಮೇಷ್ಟ್ರೇ. ವಾಪಸು ಬರೋ ದಾರಿ ಯಾವುದು?”

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ವಿದ್ಯುತ್ತು ಹೊರಟಲ್ಲಿಗೆ ಮರಳಿ ಬರಬೇಕು, ಮಂಡಲ ಪೂರ್ತಿಯಾಗಬೇಕು ಎಂದು ಎಷ್ಟು ಸಲ ಕಪ್ಪು ಹಲಗೆಯ ಮೇಲೆ ಬರೆದಿದ್ದೆ! ಆದರೆ ಲಾರಿಯಲ್ಲಿ ಮರಳುವುದಕ್ಕೆ ಕಣ್ಣಿಗೆ ಕಾಣುವ ತಂತಿಯಿಲ್ಲ. ಲಾರಿಯ ಕಬ್ಬಿಣದ ಮೈಯೇ ಅದಕ್ಕೆ ದಾರಿ. ಬ್ಯಾಟರಿಯ ಋಣಧ್ರುವವನ್ನು ಚಾಸಿಗೆ ಬಿಗಿದಿರುತ್ತಾರೆ. ಸೆಲ್ಫ್ ಇರುವುದು ಎಂಜಿನ್ನಿನ ಮೇಲೆ. ಎಂಜಿನ್ನು ಕುಳಿತಿರುವುದು ರಬ್ಬರಿನ ಮೇಲೆ. ರಬ್ಬರು ವಿದ್ಯುತ್ತನ್ನು ಬಿಡದು. ಆದ್ದರಿಂದ ಎಂಜಿನ್ನಿಗೂ ಚಾಸಿಗೂ ನಡುವೆ ತಾಮ್ರದ ಎಳೆಗಳನ್ನು ಹೆಣೆದ ಒಂದು ಪಟ್ಟಿಯನ್ನು ಬೋಲ್ಟು ಹಾಕಿ ಬಿಗಿದಿರುತ್ತಾರೆ. ಅರ್ತ್ ಪಟ್ಟಿ ಎಂದು ಅದರ ಹೆಸರು. ಅಡಿಯಲ್ಲೆಲ್ಲೋ ಕೆಸರಿನಲ್ಲಿ ಮುಚ್ಚಿಹೋಗಿರುವ ಅದನ್ನು ಯಾರೂ ನೋಡುವುದಿಲ್ಲ.

ವೋಲ್ಟ್‌ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣಧ್ರುವಕ್ಕೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಇಟ್ಟು ಮತ್ತೆ ಸೆಲ್ಫ್ ಹೊಡೆಸಿದರು. ಮುಳ್ಳು ಮೂರು ವೋಲ್ಟಿಗೆ ಹಾರಿತು. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಕಾಲುಭಾಗ, ಮರಳುವ ದಾರಿಯ ಸುಂಕಕ್ಕೇ ಹೋಗುತ್ತಿತ್ತು.

ಆಗ ನಾನು ಗೋಣಿತಾಟು ಹಾಸಿ ಲಾರಿಯ ಕೆಳಗೆ ಹೋದೆ. ಪಟ್ಟಿಯ ಅರ್ಧ ಎಳೆಗಳು ತುಂಡಾಗಿದ್ದವು. ಬೋಲ್ಟಿನ ಬುಡದಲ್ಲಿ ತುಕ್ಕು, ತಾಮ್ರದ ಮೇಲೆ ಹಸಿರು ಕಿಲುಬು, ಅದರ ಮೇಲೆ ಯಾರೋ ಬಳಿದ ಬಣ್ಣ. ಹಿಂದೆ ಬಂದಿದ್ದ ಒಬ್ಬರು ಇದೇ ಪಟ್ಟಿಗೆ ಸಣ್ಣ ಬಲ್ಬೊಂದನ್ನು ಜೋಡಿಸಿ, ಅದು ಉರಿದದ್ದನ್ನು ಕಂಡು “ಅರ್ತ್ ಸರಿಯಾಗಿದೆ” ಎಂದಿದ್ದರಂತೆ. ಕೊಲೋನ್ ನಗರದಲ್ಲಿ ಉಪಾಧ್ಯಾಯನಾಗಿದ್ದ ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ನನಗೆ ಅಲ್ಲಿ ನೆನಪಾಯಿತು. ಆ ಕೆಟ್ಟ ಕೂಡಿಕೆಯ ಅಡ್ಡಿ ಒಂದು ಓಮಿನ ನೂರನೆಯ ಒಂದು ಪಾಲು ಎಂದಿಟ್ಟುಕೊಳ್ಳೋಣ. ಬಲ್ಬಿಗೆ ಬೇಕಾದದ್ದು ಎರಡು ಆಂಪಿಯರಿಗೂ ಕಡಿಮೆ. ಅದಕ್ಕೆ ಆಗುವ ನಷ್ಟ ಒಂದು ವೋಲ್ಟಿನ ಐವತ್ತನೆಯ ಪಾಲು, ಲೆಕ್ಕಕ್ಕೇ ಇಲ್ಲ. ಸೆಲ್ಫಿಗೆ ಬೇಕಾದದ್ದು ಮುನ್ನೂರು ಆಂಪಿಯರು. ಅದೇ ಅಡ್ಡಿ ಮೂರು ವೋಲ್ಟನ್ನು ನುಂಗುತ್ತದೆ. ಕಾಲುದಾರಿಯಲ್ಲಿ ಒಬ್ಬ ನಡೆದುಹೋದನೆಂದು ಅಲ್ಲಿ ತೇರನ್ನು ಎಳೆಯಬಹುದೆ?

ಡ್ರೈವರನ ಮಾತು ತಲೆಗೆ ಹೋದದ್ದೂ ಅಲ್ಲಿಯೇ. ಪಟ್ಟಿಯಲ್ಲಿ ದಾರಿ ಸಿಗದ ವಿದ್ಯುತ್ತು, ಎಂಜಿನ್ನಿಗೂ ಡ್ರೈವರನ ಕೋಣೆಗೂ ನಡುವೆ ಇದ್ದ ಇನ್ನೊಂದು ಲೋಹದ ದಾರಿಯನ್ನು ಹಿಡಿದಿತ್ತು. ಅದೇ ಎಂಜಿನ್ ನಿಲ್ಲಿಸುವ ತಂತಿ. ಎಂಜಿನ್ನು ತಣ್ಣಗಿದ್ದಾಗಲೂ ಅದು ಬಿಸಿಯಾಗುತ್ತಿದ್ದದ್ದು ಅದಕ್ಕಾಗಿ. ಅವನು ಬೆರಳಿಟ್ಟು ತೋರಿಸಿದ್ದು ರೋಗದ ಮೂಲವನ್ನೇ. ಅವನಿಗೆ ಕಾರಣ ಗೊತ್ತಿರಲಿಲ್ಲ. ಕಂಡದ್ದನ್ನು ಕಂಡಂತೆ ಹೇಳಿದ್ದ. ನನಗೆ ಕಾರಣ ಗೊತ್ತಿರಬೇಕಾಗಿತ್ತು; ನಾನು ನಕ್ಕಿದ್ದೆ.

ಮೇಸ್ತ್ರಿ ಮೊದಲು ಬ್ಯಾಟರಿಯ ಅರ್ತ್ ತಂತಿಯನ್ನು ಕಳಚಿದರು. ಬಿಚ್ಚುವಾಗ ಅದು ಮೊದಲು, ಜೋಡಿಸುವಾಗ ಅದು ಕಡೆ. ಇಲ್ಲವಾದರೆ ಸ್ಪ್ಯಾನರು ಚಾಸಿಗೆ ತಗುಲಿ ಕಿಡಿ ಹಾರುತ್ತದೆ. ಬಣ್ಣವನ್ನೂ ತುಕ್ಕನ್ನೂ ಎಮರಿ ಕಾಗದದಿಂದ ಉಜ್ಜಿ, ಕಬ್ಬಿಣ ಬೆಳ್ಳಿಯಂತೆ ಹೊಳೆದ ಮೇಲೆ ಹೊಸ ಪಟ್ಟಿ ಬಿಗಿದು, ಮೇಲೆ ಗ್ರೀಸ್ ಸವರಿದರು. ಸೆಲ್ಫ್ ಹೊಡೆದೊಡನೆ ಎಂಜಿನ್ನು ಎದ್ದಿತು.

ನಾನು ಕೈ ಒರಸಿಕೊಂಡೆ. ಅವರು ಒರಸಿಕೊಳ್ಳಲಿಲ್ಲ. “ಬ್ಯಾಟರಿ ಹಸಿದಿದ್ದು ಯಾಕೆ ಅಂತ ಇನ್ನೂ ನೋಡಿಲ್ಲವಲ್ಲ” ಎಂದರು. ಹಿಂದಿನ ಮಾಲೀಕರು ಲಾರಿಯ ಡೈನಮೋ ತೆಗೆಸಿ ಆಲ್ಟರ್ನೇಟರ್ ಕೂಡಿಸಿದ್ದರು. ಎಂಜಿನ್ನು ತಿರುಗುತ್ತಿದ್ದಾಗ ಬ್ಯಾಟರಿಯ ತುದಿಗಳಲ್ಲಿ ಸುಮಾರು ಹದಿನಾಲ್ಕು ವೋಲ್ಟು ಇರಬೇಕು; ಹನ್ನೆರಡೂವರೆ ಮಾತ್ರ ಇತ್ತು. ಚಾರ್ಜು ಆಗುತ್ತಿಲ್ಲವೆಂದರೆ ಮುಂದುಗಡೆ ಒಂದು ಕೆಂಪು ದೀಪ ಉರಿಯಬೇಕಲ್ಲ, ಅದು ಒಂದು ದಿನವೂ ಉರಿದಿಲ್ಲ ಎಂದು ಅಣ್ಣ ಹೇಳಿದ. ಮೇಸ್ತ್ರಿ ಎಂಜಿನ್ನನ್ನು ನಿಲ್ಲಿಸಿ, ಕೀಲಿಯನ್ನು ಅರ್ಧ ತಿರುಗಿಸಿ ತೋರಿಸಿದರು. ಆಗ ಉರಿಯಬೇಕಾಗಿದ್ದ ದೀಪ ಆಗಲೂ ಉರಿಯಲಿಲ್ಲ. “ಇದು ಮೊದಲು ಉರೀಬೇಕು, ಎಂಜಿನ್ ಎದ್ದ ಮೇಲೆ ಆರಬೇಕು. ಉರಿಯದೇ ಇದ್ದದ್ದನ್ನ ನೀವು ಆರಿದೆ ಅಂದುಕೊಂಡಿರಿ.” ಆ ಬಲ್ಬು ಸುಟ್ಟುಹೋಗಿತ್ತು. ಅಂಥ ಆಲ್ಟರ್ನೇಟರಿನಲ್ಲಿ ಅದು ಬರಿಯ ಎಚ್ಚರಿಕೆಯ ದೀಪವಲ್ಲ. ಆಲ್ಟರ್ನೇಟರಿಗೆ ಮೊದಲ ಕಾಂತಶಕ್ತಿಯನ್ನು ಕೊಡುವ ವಿದ್ಯುತ್ತು ಹರಿಯುವುದೇ ಅದರ ಮೂಲಕ. ಅದು ಹೋದರೆ, ಸಣ್ಣ ಓಟದ, ನಿಧಾನಗತಿಯ ಲಾರಿಯಲ್ಲಿ ಯಂತ್ರ ಎಚ್ಚರಗೊಳ್ಳುವುದೇ ಇಲ್ಲ. ಕೆಲವೇ ರೂಪಾಯಿಯ ಬಲ್ಬು ಹಾಕಿದ ಮೇಲೆ ಮುಳ್ಳು ಹದಿನಾಲ್ಕಕ್ಕೆ ಏರಿತು.

ಬ್ಯಾಟರಿ ಕೆಟ್ಟಿರಲಿಲ್ಲ, ಸೆಲ್ಫ್ ಕೆಟ್ಟಿರಲಿಲ್ಲ, ಆಲ್ಟರ್ನೇಟರ್ ಕೆಟ್ಟಿರಲಿಲ್ಲ, ಮನುಷ್ಯನೂ ಕೆಟ್ಟಿರಲಿಲ್ಲ. ಕೆಟ್ಟಿದ್ದದ್ದು ನಡುವಣ ಎರಡು ಕೊಂಡಿಗಳು.

ಡ್ರೈವರನನ್ನು ಹುಡುಕಿಕೊಂಡು ಹೋಗೋಣವೆಂದೆ. ಅಣ್ಣನಿಗೆ ಮನಸ್ಸಿದ್ದರೂ ಕಾಲು ಬರಲಿಲ್ಲ. ನಾನೊಬ್ಬನೇ ಹೋದೆ. ಮೂರು ಹಳ್ಳಿಯ ಆಚೆ, ಬೇರೆಯವರ ಟ್ರ್ಯಾಕ್ಟರು ಹೊಡೆಯುತ್ತಿದ್ದ. ಕಳ್ಳನೆಂಬ ಮಾತು ಅವನಿಗಿಂತ ಮೊದಲೇ ಆ ಊರನ್ನು ಮುಟ್ಟಿತ್ತು. ಎರಡು ತಿಂಗಳು ಯಾರೂ ಕೆಲಸ ಕೊಟ್ಟಿರಲಿಲ್ಲವಂತೆ. ನಾನು ನಡೆದದ್ದನ್ನೆಲ್ಲ ಹೇಳಿ, ತಪ್ಪಾಯಿತೆಂದೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ಕೇಳಿದ: “ಆ ತಂತಿ ಈಗ ಬಿಸಿ ಆಗಲ್ಲ ತಾನೆ ಮೇಷ್ಟ್ರೇ?”

ಇಲ್ಲವೆಂದೆ.

“ಹಂಗಾದ್ರೆ ಸರಿ. ಅದು ಸುಟ್ಟು ಕಚ್ಚಿಕೊಂಡ್ರೆ ಎಂಜಿನ್ ನಿಲ್ಲಿಸೋಕೆ ಆಗಲ್ಲ. ಏರಿ ಮೇಲೆ ಹುಡುಗ್ರು ಆಡ್ತಿರ್ತಾರೆ. ನನಗೆ ಅದೇ ಭಯ ಇತ್ತು.”

ಮತ್ತೆ ಕೆಲಸಕ್ಕೆ ಬಾ ಎಂದು ಕರೆದೆ. ಅವನು ಬರಲಿಲ್ಲ. ಆದರೆ ಆ ಊರಿನ ಅಂಗಡಿಯ ಜಗಲಿಯಲ್ಲಿ, ನಾಲ್ಕು ಜನರ ಮುಂದೆ, ತಪ್ಪು ನಮ್ಮದೆಂದು ಹೇಳಿಸಿಕೊಂಡ. ಅಷ್ಟು ಅವನು ಕೇಳಿದ, ಅಷ್ಟನ್ನು ನಾನು ಮಾಡಿದೆ.

ಆ ವರ್ಷದಿಂದ ನಿವೃತ್ತನಾಗುವ ತನಕ ವಿದ್ಯುತ್ತಿನ ಪಾಠವನ್ನು ನಾನು ಬೇರೆ ರೀತಿಯಲ್ಲಿ ಆರಂಭಿಸುತ್ತಿದ್ದೆ. ಹಲಗೆಯ ಮೇಲೆ ಬ್ಯಾಟರಿಯನ್ನೂ ದೀಪವನ್ನೂ ಬರೆದು, ಮೊದಲು ಎಳೆಯುತ್ತಿದ್ದ ಗೆರೆ ದೀಪದಿಂದ ಬ್ಯಾಟರಿಗೆ ಮರಳಿ ಬರುವ ಗೆರೆ. ಹುಡುಗರು ಏಕೆಂದು ಕೇಳುತ್ತಿದ್ದರು. ಕೇಳಿದವರಿಗೆ ಈ ಕಥೆಯನ್ನು ಹೇಳುತ್ತಿದ್ದೆ.