ಕಣದ ಪಾಲು, ಊರಿನ ಹೊಣೆ

ಇಂಗ್ಲಿಷ್ ಕಾದಂಬರಿಗಳನ್ನು ಓದಿದವರಿಗೆ 'ಪ್ಯಾರಿಷ್' ಎಂಬ ಮಾತು ಹೊಸದಲ್ಲ. ಒಂದು ಇಗರ್ಜಿ, ಅದಕ್ಕೊಬ್ಬ ಪಾದ್ರಿ, ಸುತ್ತ ಒಂದು ಹಳ್ಳಿ. ಇಷ್ಟೇ ಎಂದು ನಾವು ತಿಳಿಯುತ್ತೇವೆ. ಆದರೆ ಅದು ಊರಾಳಿಕೆಯೂ ಆಗಿತ್ತು. ದಾರಿಗಳ ದುರಸ್ತಿ, ಬಡವರ ಪಾಲನೆ, ನಾಮಕರಣ ಮದುವೆಗಳ ದಾಖಲೆ, ಎಲ್ಲವೂ ಅದರ ಹೊಣೆ. ಪಾದ್ರಿಯ ಜೀವನಕ್ಕೆ ರೈತನ ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ಸಲ್ಲುತ್ತಿತ್ತು.

ಇದನ್ನು ಕೇಳಿದಾಗ ನಮ್ಮ ಕಡೂರು ಸೀಮೆ ನೆನಪಿಗೆ ಬರುತ್ತದೆ. ಎಮ್ಮೆದೊಡ್ಡಿಯ ಬಳಿಯ ಮದಗದ ಕೆರೆಯನ್ನು ನೀವು ನೋಡಿರಬಹುದು. ಬಾಬಾಬುಡನ್ ಗಿರಿಯ ಕಡೆಯಿಂದ ಇಳಿದ ನೀರು ಅಲ್ಲಿ ನಿಂತು, ಮುಂದೆ ಬಯಲಿನ ಕೆರೆಗಳಿಗೆ ಹರಿಯುತ್ತದೆ. ಇಂಥ ಕೆರೆಗಳಿದ್ದ ಊರುಗಳಲ್ಲಿ ತೂಬು ತೆಗೆದು ಮುಚ್ಚುವ ಕೆಲಸ ನೀರುಗಂಟಿಯದು, ಲೆಕ್ಕ ಶಾನುಭೋಗರದು, ಹಿರಿತನ ಪಟೇಲರದು, ಕಾವಲು ತಳವಾರ ತೋಟಿಯರದು. ಸುಗ್ಗಿಯಲ್ಲಿ ರಾಶಿ ಎದ್ದಾಗ ಕಣದಲ್ಲಿಯೇ ಅವರವರ ಆಯವನ್ನು ಅಳೆದುಕೊಡುವುದು ವಾಡಿಕೆ.

ಇದನ್ನು ರಾಮರಾಜ್ಯವೆಂದು ಭ್ರಮಿಸಬೇಕಾಗಿಲ್ಲ. ಪರವೂರಿನ ಬಡವನು ತನ್ನ ಮೇಲೆ ಹೊರೆಯಾದಾನೆಂದು ಪ್ಯಾರಿಷ್ ಅವನನ್ನು ಹೊರದೂಡುತ್ತಿತ್ತು. ನಮ್ಮಲ್ಲಿ ತೋಟಿಯ ಮಗ ತೋಟಿಯೇ ಆಗಬೇಕಾಗಿತ್ತು.

1837ರಲ್ಲಿ ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬರುವ ಹೊತ್ತಿಗೆ ಅಲ್ಲಿಯ ಕಟ್ಟು ಸಡಿಲತೊಡಗಿತ್ತು. 1834ರ ಕಾನೂನು ಹಲವು ಪ್ಯಾರಿಷ್‌ಗಳನ್ನು ಒಟ್ಟುಗೂಡಿಸಿ, ಬಡವರನ್ನು ದುಡಿಮೆಯ ಮನೆಗಳಿಗೆ ಕಳುಹಿಸಿತು. 1836ರ ಕಾನೂನು ಬೆಳೆಯ ಪಾಲನ್ನು ನಗದಿಗೆ ತಿರುಗಿಸಿತು. ಆ ಮೊತ್ತ ಧಾನ್ಯದ ಏಳು ವರ್ಷದ ಸರಾಸರಿ ಬೆಲೆಯಂತೆ ಏರಿಳಿಯುತ್ತಿತ್ತು. ಮೈಸೂರಿನಲ್ಲಿಯೂ 1863ರಿಂದ ಭೂಮಾಪನ ನಡೆದು, ಸರ್ಕಾರಕ್ಕೆ ಫಸಲಿನ ಪಾಲು ಸಲ್ಲಿಸುವ ಬಟಾಯಿಯ ಬದಲು ನಗದು ಕಂದಾಯ ನೆಲೆಗೊಂಡಿತು. ಪಾಲಾದರೆ ಬೆಳೆ ಕುಗ್ಗಿದಾಗ ತಾನೂ ಕುಗ್ಗುತ್ತದೆ. ಗೊತ್ತುಮಾಡಿದ ಹಣ ಹಾಗಲ್ಲ. ಹದಿಮೂರು ವರ್ಷಗಳಲ್ಲಿ, 1876-78ರ ಮಹಾಕ್ಷಾಮ ಬಂತು.

1894ರಲ್ಲಿ ಇಂಗ್ಲೆಂಡಿನ ಹಳ್ಳಿಗಳಿಗೆ ಚುನಾಯಿತ ಪ್ಯಾರಿಷ್ ಸಭೆಗಳು ಬಂದವು. ನಮ್ಮಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಮಾಡಿದ 1961ರ ಕಾನೂನು 1963ರಲ್ಲಿ ಜಾರಿಯಾಯಿತು. ಹುಟ್ಟಿನಿಂದ ಬಂದ ಅಧಿಕಾರವೂ, ಹುಟ್ಟಿನಿಂದ ಬಂದ ಊಳಿಗವೂ ಹೋದದ್ದು ನ್ಯಾಯವೇ. ಆದರೆ ತೂಬಿನ ಕೆಲಸ ಹೋಗಲಿಲ್ಲ. ಹೂಳು ತುಂಬುವುದೂ ನಿಲ್ಲಲಿಲ್ಲ. ಆ ಹೊಣೆಯನ್ನು ಯಾರಾದರೂ ಹೊರಲೇಬೇಕು.

ಪಟ್ಟಣ ಸೇರಿರುವ ನಿಮಗೂ ಒಂದು ಹುಟ್ಟೂರು ಇದ್ದೀತು. ಮುಂದಿನ ಸಾರಿ ಹೋದಾಗ ಅಲ್ಲಿಯ ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆಯಿರಿ. ತೂಬನ್ನು ಈಗ ಯಾರು ನೋಡಿಕೊಳ್ಳುತ್ತಾರೆ, ಅವರ ಕೂಲಿ ಎಲ್ಲಿಂದ ಬರುತ್ತದೆ ಎಂದು ವಿಚಾರಿಸಿರಿ. ಉತ್ತರ ಸಿಕ್ಕದಿದ್ದರೆ, ಗ್ರಾಮಸಭೆಯಲ್ಲಿ ಅದೇ ಪ್ರಶ್ನೆಯನ್ನು ಎತ್ತುವಂತೆ ನಿಮ್ಮವರಿಗೆ ಹೇಳಿರಿ.