ವರ್ಣತಂತುವಿನ ಮೇಲೆ ಹೊರಿಸಿದ ತಪ್ಪು

ಡೌನ್ ಸಿಂಡ್ರೋಮ್ ಇರುವ ಬಹುತೇಕರ ಜೀವಕೋಶಗಳಲ್ಲಿ 21ನೇ ವರ್ಣತಂತು ಎರಡರ ಬದಲು ಮೂರಿರುತ್ತದೆ. ಇದು 1959ರಲ್ಲೇ ಪ್ರಕಟವಾದ ಸಂಗತಿ. ಆ ವರ್ಣತಂತು ಇಂದಿಗೂ ಹಾಗೇ ಇದೆ. ಆದರೂ ಅಮೆರಿಕದಲ್ಲಿ 1980ರ ದಶಕದ ಆರಂಭಕ್ಕೆ ಸುಮಾರು 25 ವರ್ಷವಿದ್ದ ಇವರ ಸರಾಸರಿ ಆಯುಸ್ಸು ಈಗ 60ರ ಆಸುಪಾಸಿಗೆ ಬಂದಿದೆ. ಬದಲಾದದ್ದು ಆರೈಕೆ. ಡೌನ್ ಸಿಂಡ್ರೋಮ್ ಇರುವ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಇಂಥ ಮಗುವಿಗೆ ಆಪರೇಷನ್ ಯಾಕೆ ಎಂದು ಕೈಬಿಡುತ್ತಿದ್ದ ಕಾಲವೊಂದಿತ್ತು, ಈಗ ಮಾಡುತ್ತಾರೆ. ಕಿವಿಯೊಳಗೆ ದ್ರವ ತುಂಬಿಕೊಂಡು ಟೀಚರ್ ಕರೆದದ್ದೇ ಸರಿಯಾಗಿ ಕೇಳಿಸದ ಹುಡುಗಿಯನ್ನು ದಡ್ಡಿ ಎಂದುಬಿಡುವುದು ಮಾತ್ರ ಇನ್ನೂ ನಿಂತಿಲ್ಲ.

ಎಷ್ಟು ನೋಡಿಕೊಂಡರೂ ಬುದ್ಧಿಯ ಮಿತಿ ಹೋಗುವುದಿಲ್ಲವಲ್ಲ ಎನ್ನಬಹುದು. ನಿಜ, ಹೋಗುವುದಿಲ್ಲ, ಕಲಿಕೆ ನಿಧಾನವೇ. ಆದರೆ ಕಿವಿ, ಕಣ್ಣು, ಥೈರಾಯ್ಡ್ ಪರೀಕ್ಷಿಸದೆ ಆ ಮಿತಿ ಎಲ್ಲಿದೆ ಎಂದು ಯಾರು ಹೇಳಬಲ್ಲರು? ‘ನಮ್ಮ ನಂತರ ಇವನಿಗೆ ಯಾರು?’ ಎಂಬ ಹೆತ್ತವರ ಪ್ರಶ್ನೆಗೆ ಇಷ್ಟು ಸುಲಭದ ಉತ್ತರವಿಲ್ಲ. ಆಯುಸ್ಸು ಹೆಚ್ಚಿದಷ್ಟೂ ಅದರ ಭಾರ ಹೆಚ್ಚು. ಭಾರತದಲ್ಲಿ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ, ಬೌದ್ಧಿಕ ನ್ಯೂನತೆಯಿರುವ ವಯಸ್ಕರಿಗೆ ಕಾನೂನುಬದ್ಧ ಪಾಲಕರನ್ನು ನೇಮಿಸಬಹುದು. ನಿಮ್ಮ ಕೈಕಾಲು ಗಟ್ಟಿಯಿರುವಾಗಲೇ ಅದಕ್ಕೆ ಅರ್ಜಿ ಹಾಕಿ.