ಅರಿಶಿನ ಯಾರ ಶೋಧ?



ಕಸಬೆ ಡಿಗ್ರಜದ ನಾವು ಅರಿಶಿನದ ನಾಡಿನವರು. ಇಲ್ಲಿಯ ಕೃಷಿ ಸಂಶೋಧನಾ ಕೇಂದ್ರ ದುಡಿಯುವುದೂ ಆ ಬೆಳೆಗಾಗಿ. ಮೊಣಕಾಲು ತರಚಿಕೊಂಡು ಬಂದಾಗ ಅಜ್ಜಿ ಅರಿಶಿನ ಹಚ್ಚಲು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಆದರೆ ಗಾಯ ಮಾಯಿಸಲು ಅರಿಶಿನ ಬಳಸುವುದು ಹೊಸ ಶೋಧವೆಂದು 1995ರಲ್ಲಿ ಅಮೆರಿಕೆಯು ಮಿಸಿಸಿಪಿ ವಿಶ್ವವಿದ್ಯಾಲಯಕ್ಕೆ ಪೇಟೆಂಟ್ ನೀಡಿತು. ಶೋಧಕರಿಬ್ಬರೂ ಭಾರತೀಯ ಮೂಲದವರೇ!

ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಇದನ್ನು ಪ್ರಶ್ನಿಸಿತು. ಅಂದಿನ ಅಮೆರಿಕೆಯ ಕಾನೂನಿಗೆ ಪರದೇಶದ ಅಜ್ಜಿಯ ಮಾತು ಸಾಲದು. ಅಚ್ಚಾದ ಬರಹ ಬೇಕು. ಸಂಸ್ಕೃತ ಗ್ರಂಥ, 1953ರ ಭಾರತೀಯ ವೈದ್ಯಕೀಯ ಪತ್ರಿಕೆಯ ಲೇಖನ ಮೊದಲಾದ ಆಧಾರಗಳನ್ನು ಮುಂದಿಟ್ಟ ಮೇಲೆ 1997ರಲ್ಲಿ ಪೇಟೆಂಟ್ ರದ್ದಾಯಿತು.

ನಮ್ಮ ಅಜ್ಜಿಯರ ಕನ್ನಡದ ಮಾತು ಯಾವ ಹಾಳೆಯಲ್ಲಿದೆ? ಇಂದು ಮಕ್ಕಳಿಗೆ ಒಂದೊಂದು ವಹಿ ಕೊಡುತ್ತಿದ್ದೇವೆ. ಮನೆಯ ಹಿರಿಯರನ್ನು ಕೇಳಿ, ಹೇಳಿದವರ ಹೆಸರು, ತಾರೀಖು ಸಹಿತ ಬರೆದು ತರಲಿ.